ವ್ಯಾಪಾರ ಅವಳದು, ಒಟಿಪಿ ಮಾತ್ರ ಗಂಡನ ಫೋನಿಗೆ

ಚಿಕ್ಕಮಗಳೂರು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸಂಜೀವಿನಿ ಒಕ್ಕೂಟದಲ್ಲಿ, ಅಂದರೆ ಹೆಂಗಸರ ಸ್ವಸಹಾಯ ಸಂಘಗಳ ಕೂಟದಲ್ಲಿ, ಲೆಕ್ಕ ಬರೆಯುವವಳು. ಸಂಘಗಳ ಉಳಿತಾಯ, ಸಾಲದ ಕಂತು, ಸಭೆಯ ನಡಾವಳಿ ಎಲ್ಲ ನನ್ನ ಕೈ ಹಾದೇ ಹೋಗಬೇಕು. ಜೊತೆಗೆ ಮನೆಯಲ್ಲಿ ಸಾರಿನ ಪುಡಿ, ಚಟ್ನಿ ಪುಡಿ ಮಾಡಿ ಮಾರುತ್ತೇನೆ. ಹಾಗಾಗಿ ಈ ಪತ್ರವನ್ನು ಅರ್ಧ ಲೆಕ್ಕದವಳು, ಅರ್ಧ ವ್ಯಾಪಾರದವಳು ಬರೆದದ್ದು ಅಂದುಕೊಳ್ಳಿ.

ಹೆಣ್ಣುಮಕ್ಕಳ ವ್ಯಾಪಾರಕ್ಕೆ ತಂತ್ರಜ್ಞಾನ ಬೇಕು ಅನ್ನುವ ಮಾತು ಈಗ ಎಲ್ಲ ಸಭೆಯಲ್ಲೂ ಬರುತ್ತದೆ. ಮಾತು ಮುಗಿಯುವಷ್ಟರಲ್ಲಿ ಯಾರಾದರೂ ಒಬ್ಬರು ‘ನಮ್ಮ ಜಿಲ್ಲೆಗೇ ಒಂದು ಆ್ಯಪ್ ಮಾಡಿಬಿಡೋಣ’ ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ನನ್ನ ವಿನಂತಿ ಏನೆಂದರೆ, ಆ್ಯಪ್ ಸದ್ಯಕ್ಕೆ ಬೇಡ. ಅದರ ಬದಲು ಸಂಘದ ಪ್ರತಿ ಹೆಣ್ಣುಮಗಳಿಗೂ ಅವಳದೇ ಹೆಸರಿನ ಒಂದು ಮೊಬೈಲ್ ನಂಬರ್ ಇರುವಂತೆ ಮಾಡಿ. ಅದೇ ನಂಬರನ್ನು ಆಧಾರ್‌ಗೂ ಬ್ಯಾಂಕ್ ಖಾತೆಗೂ ಜೋಡಿಸಿಕೊಡಿ. ಇಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ಇಷ್ಟು ಇಲ್ಲದೆ ಏನೇನು ನಿಂತು ಹೋಗಿದೆ ಅಂತ ಹೇಳುತ್ತೇನೆ, ಕೇಳಿ.

ಬಣಕಲ್ ಕಡೆಯ ಒಬ್ಬ ಅಕ್ಕ ನಮ್ಮ ಸಂಘದಲ್ಲಿದ್ದಾರೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಳಲೆ ಉಪ್ಪಿನಕಾಯಿ ಮಾಡುತ್ತಾರೆ. ಅವರ ಮಿಡಿ ಎರಡು ವರ್ಷ ಇಟ್ಟರೂ ಮೆತ್ತಗಾಗುವುದಿಲ್ಲ. ಅವರ ವ್ಯಾಪಾರಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲು, ಮಾಡಿಸೋಣ ಅಂತ ಪಂಚಾಯಿತಿಯಲ್ಲಿ ಕಂಪ್ಯೂಟರ್ ಮುಂದೆ ಕೂತೆವು. ಆಧಾರ್ ನಂಬರ್ ಹಾಕಿದೆವು. ಒಟಿಪಿ ಹೋಯಿತು. ಎಲ್ಲಿಗೆ? ಗಂಡನ ಫೋನಿಗೆ. ಅವರು ಎಸ್ಟೇಟಿನಲ್ಲಿ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಹೋಗಿದ್ದರು. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಮೇಲೆ ಬಂದು ಮೆಸೇಜ್ ನೋಡಿ, ಪಾಪ, ಅವರೇ ಫೋನ್ ಮಾಡಿ ಒಟಿಪಿ ಓದಿದರು. ಅಷ್ಟರಲ್ಲಿ ಅದರ ಅವಧಿ ಮುಗಿದು ಎಷ್ಟೋ ಹೊತ್ತಾಗಿತ್ತು, ಪಂಚಾಯಿತಿಗೂ ಬೀಗ ಬಿದ್ದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಟವರ್ ಸಿಗಲಿಲ್ಲ ಅಷ್ಟೇ.

ಇದರಲ್ಲಿ ಗಂಡನ ತಪ್ಪೇನೂ ಇಲ್ಲ. ಆಧಾರ್ ಮಾಡಿಸುವ ಕಾಲಕ್ಕೆ ಮನೆಯಲ್ಲಿ ಇದ್ದದ್ದೇ ಒಂದು ಫೋನ್. ಎಲ್ಲರ ಆಧಾರ್‌ಗೂ ಅದೇ ನಂಬರ್ ಕೊಟ್ಟರು. ಆಮೇಲೆ ಬ್ಯಾಂಕ್ ಖಾತೆ ಬಂತು, ಅದಕ್ಕೂ ಅದೇ ನಂಬರ್. 2023ರಲ್ಲಿ ಗೃಹಲಕ್ಷ್ಮಿ ಬಂತು. ತಿಂಗಳಿಗೆ 2,000 ರೂಪಾಯಿ ಹೆಣ್ಣುಮಗಳ ಖಾತೆಗೇ ಬರಬೇಕು ಅಂದಿದ್ದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಸಲ ಅವಳ ಪಾಸ್‌ಬುಕ್ ಹೊರಗೆ ಬಂತು. ಒಳ್ಳೆಯದೇ ಆಯಿತು. ಆದರೆ ದುಡ್ಡು ಬಂದಿದೆ ಅನ್ನುವ ಮೆಸೇಜ್ ಮಾತ್ರ ಈಗಲೂ ಗಂಡನಿಗೋ ಮಗನಿಗೋ ಹೋಗುತ್ತದೆ. ಖಾತೆ ಅವಳದು, ಖಬರು ಇನ್ನೊಬ್ಬರದು.

ಕೊಟ್ಟಿಗೆಹಾರದ ಕಡೆ ಶನಿವಾರ, ಭಾನುವಾರ ಬಂದು ನೋಡಿ. ಚಾರ್ಮಾಡಿ ಘಾಟಿ ಇಳಿಯುವವರು, ಕಳಸ ಹೊರನಾಡಿಗೆ ಹೋಗುವವರು ನೀರುದೋಸೆಗೆ ಅಂತ ಗಾಡಿ ನಿಲ್ಲಿಸುತ್ತಾರೆ. ಪಕ್ಕದಲ್ಲೇ ನಮ್ಮವರು ಟೇಬಲ್ ಹಾಕಿ ಕಾಫಿಪುಡಿ, ಜೇನು, ಕಾಳುಮೆಣಸು, ಉಪ್ಪಿನಕಾಯಿ ಇಟ್ಟುಕೊಂಡಿರುತ್ತಾರೆ. ಟೇಬಲ್ ಮೇಲಿನ ಕ್ಯೂಆರ್ ಕೋಡ್ ಯಾರದು ಅಂತ ಕೇಳಿ ನೋಡಿ. ಮಗನದು ಅನ್ನುತ್ತಾರೆ. ಗಿರಾಕಿ ‘ಆಂಟಿ, ನಂಬರ್ ಕೊಡಿ, ಇನ್ನೊಮ್ಮೆ ಬೇಕಾದರೆ ಮೆಸೇಜ್ ಮಾಡ್ತೀವಿ’ ಅಂದರೆ ಕೊಡುವುದೂ ಮಗನ ನಂಬರೇ. ಮಗ ಮಂಗಳೂರಿನಲ್ಲಿ ಓದುತ್ತಿರುತ್ತಾನೆ. ಎರಡು ಕಿಲೋ ಕಾಫಿಪುಡಿಯ ಆರ್ಡರ್ ಅವನ ಹಾಸ್ಟೆಲಿಗೆ ಹೋಗಿ, ಅವನು ಪರೀಕ್ಷೆ ಮುಗಿಸಿ ಅಮ್ಮನಿಗೆ ಹೇಳುವಷ್ಟರಲ್ಲಿ ಗಿರಾಕಿ ಬೇರೆ ಕಡೆ ತಗೊಂಡಾಗಿರುತ್ತದೆ.

ಹೋದ ಆರ್ಡರ್ ಹೋಗಲಿ ಬಿಡಿ. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಲೆಕ್ಕದ ವಿಷಯದಲ್ಲಿ. ವರ್ಷವಿಡೀ ಆ ತಾಯಿ ಮಾರಿದ್ದೆಲ್ಲ ಮಗನ ಖಾತೆಯಲ್ಲಿ ದಾಖಲಾಗಿರುತ್ತದೆ. ಒಂದು ದಿನ ಅವರು ಸಣ್ಣ ವ್ಯಾಪಾರದವರಿಗೆ ಅಂತ ಇರುವ ಮುದ್ರಾ ಸಾಲ ಕೇಳಲು ಬ್ಯಾಂಕಿಗೆ ಹೋಗುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಶಿಶು ಸಾಲ ಅಂದರೆ 50,000 ರೂಪಾಯಿವರೆಗೆ ಅಷ್ಟೇ, ದೊಡ್ಡದೇನಲ್ಲ. ಮ್ಯಾನೇಜರ್ ಖಾತೆಯ ಸ್ಟೇಟ್‌ಮೆಂಟ್ ತೆಗೆದು ನೋಡುತ್ತಾರೆ. ಅಲ್ಲಿ ಗೃಹಲಕ್ಷ್ಮಿ ಬಂದದ್ದು, ಅದೇ ವಾರ ತೆಗೆದದ್ದು, ಇಷ್ಟೇ ಇರುತ್ತದೆ. ‘ನಿಮ್ಮ ವ್ಯಾಪಾರ ಎಲ್ಲಮ್ಮಾ?’ ಅಂತ ಕೇಳಿದರೆ ಏನು ತೋರಿಸಬೇಕು? 2016ರಲ್ಲಿ ಬಂದ ಯುಪಿಐ ನಮ್ಮಂಥವರಿಗೆ ಮಾಡಿದ ದೊಡ್ಡ ಉಪಕಾರ ಅಂದರೆ ಹತ್ತು ರೂಪಾಯಿ ವ್ಯಾಪಾರಕ್ಕೂ ಸಾಕ್ಷಿ ಉಳಿಯುವುದು. ಆ ಸಾಕ್ಷಿಯೇ ತಪ್ಪು ಹೆಸರಿನಲ್ಲಿ ಬೀಳುತ್ತಿದೆ.

ಇದು ನಮ್ಮ ತಾಲ್ಲೂಕಿನ ಗೋಳು ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ನೂರಕ್ಕೆ 54. ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು ನೂರಕ್ಕೆ 33, ಅದೇ ಗಂಡಸರಲ್ಲಿ 57. ಆಮೇಲೆ ಫೋನ್‌ಗಳು ಜಾಸ್ತಿಯಾಗಿವೆ, ನಿಜ. ಆದರೆ ಮನೆಯಲ್ಲಿ ಫೋನ್ ಇರುವುದಕ್ಕೂ ಅದು ಅವಳದಾಗಿರುವುದಕ್ಕೂ ಬಹಳ ವ್ಯತ್ಯಾಸ ಇದೆ. ಮಕ್ಕಳು ಯೂಟ್ಯೂಬ್ ನೋಡಿ ಚಾರ್ಜ್ ಮುಗಿಸಿದ ಮೇಲೆ ಅವಳ ಸರದಿ.

ಬಾಂಗ್ಲಾದೇಶದ ಫೋನ್ ಅಕ್ಕಂದಿರ ವಿಷಯ ನೀವು ಕೇಳಿರಬಹುದು. 1997ರಲ್ಲಿ ಗ್ರಾಮೀಣ್ ಬ್ಯಾಂಕಿನವರು ಹಳ್ಳಿ ಹೆಂಗಸರಿಗೆ ಮೊಬೈಲ್ ಕೊಳ್ಳಲು ಸಾಲ ಕೊಟ್ಟರು. ಆಗ ಹಳ್ಳಿಗಳಲ್ಲಿ ಫೋನೇ ಇರಲಿಲ್ಲ. ಪರದೇಶಕ್ಕೆ ದುಡಿಯಲು ಹೋದ ಮಗನ ಜೊತೆ ಮಾತಾಡಬೇಕೆಂದರೆ ಊರಿನ ದೊಡ್ಡವರೂ ಅವಳ ಮನೆ ಬಾಗಿಲಿಗೇ ಬರಬೇಕು, ನಿಮಿಷಕ್ಕಿಷ್ಟು ಅಂತ ಕೊಡಬೇಕು. ಹಾಗೆ ಸಾವಿರಾರು ಹೆಂಗಸರು ಸಂಪಾದನೆ ಮಾಡಿದರು. ಆಮೇಲೆ ಮೊಬೈಲ್ ಅಗ್ಗವಾಯಿತು, ಮನೆಮನೆಗೂ ಬಂತು, ಅವರ ಆದಾಯ ಇಳಿದುಹೋಯಿತು. ಅದನ್ನು ಸೋಲು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಂತ್ರ ಯಾವತ್ತಿದ್ದರೂ ಹಳತಾಗುತ್ತದೆ. ಆದರೆ ಅಲ್ಲಿ ಸಾಲ ಅವಳ ಹೆಸರಿನಲ್ಲಿತ್ತು, ಫೋನ್ ಅವಳ ಕೈಯಲ್ಲಿತ್ತು, ದುಡ್ಡು ಎಣಿಸುವವಳೂ ಅವಳೇ. ನಮ್ಮಲ್ಲಿ ಫೋನ್ ಅದಕ್ಕಿಂತ ನೂರು ಪಾಲು ಚುರುಕು, ಈ ಮೂರೂ ಇಲ್ಲ.

ಆ್ಯಪ್ ಬೇಡ ಅಂದವಳೇ ಈಗ ಒಂದು ಆ್ಯಪನ್ನು ಹೊಗಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗುಜರಾತಿನಲ್ಲಿ ಇಳಾ ಭಟ್ಟ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಅನ್ನುವ ದುಡಿಯುವ ಹೆಂಗಸರ ಸಂಘಟನೆಯದು ರೂಡಿ ಅಂತ ಒಂದು ವ್ಯಾಪಾರ ಇದೆ. ರೈತರಿಂದ ಧಾನ್ಯ, ಮಸಾಲೆ ಕೊಂಡು, ಶುಚಿ ಮಾಡಿ, ಪ್ಯಾಕೆಟ್ ಕಟ್ಟಿ, ರೂಡಿಬೆನ್ ಅನ್ನುವ ಹೆಂಗಸರು ಹಳ್ಳಿಹಳ್ಳಿಗೆ ಹೊತ್ತು ಮಾರುತ್ತಾರೆ. ಅವರಿಗೆ ಒಂದು ತೊಂದರೆ ಇತ್ತು. ಗೋದಾಮಿನಲ್ಲಿ ಯಾವ ಮಾಲು ಇದೆ, ಯಾವುದು ಇಲ್ಲ ಅಂತ ಗೊತ್ತಾಗಬೇಕಾದರೆ ಬಸ್ ಹಿಡಿದು ಅಲ್ಲಿಗೇ ಹೋಗಬೇಕು. ಹೋದರೆ ಬೇಕಾದ್ದೇ ಇರುವುದಿಲ್ಲ. ಬಸ್ ಚಾರ್ಜೂ ಹೋಯಿತು, ದಿನವೂ ಹೋಯಿತು. ಆ ಒಂದು ತೊಂದರೆಗೆ ಮೊಬೈಲಿನಿಂದಲೇ ಆರ್ಡರ್ ಕಳಿಸುವ ವ್ಯವಸ್ಥೆ ಮಾಡಿದರು. ಗಮನಿಸಿ, ಮೊದಲು ವ್ಯಾಪಾರ ಇತ್ತು, ಮಾರುವವರಿದ್ದರು, ಗಿರಾಕಿ ಇದ್ದರು. ತಂತ್ರಜ್ಞಾನ ಬಂದದ್ದು ಕಡಿದುಹೋದ ಜಾಗಕ್ಕೆ ಗಂಟು ಹಾಕಲು. ನಮ್ಮ ಜಿಲ್ಲೆಯಲ್ಲಿ ಎಲ್ಲಿ ಕಡಿದಿದೆ ಅಂತ ಮೊದಲು ನೋಡೋಣ. ನಾನು ನೋಡಿದ ಮಟ್ಟಿಗೆ ಅದು ಕಡಿದಿರುವುದು ನಂಬರಿನ ಹತ್ತಿರ, ಕಾಗದಪತ್ರದ ಹತ್ತಿರ, ಪಾರ್ಸೆಲಿನ ಹತ್ತಿರ.

ನಂಬರಿನದು ಸುಲಭ. ಆಧಾರ್‌ಗೆ ಮೊಬೈಲ್ ನಂಬರ್ ಬದಲಿಸಲು ತಾಲ್ಲೂಕು ಕೇಂದ್ರಕ್ಕೇ ಹೋಗಬೇಕು ಅಂತ ನಮ್ಮ ಬಹಳಷ್ಟು ಜನ ಅಂದುಕೊಂಡಿದ್ದಾರೆ. ಶಕ್ತಿ ಯೋಜನೆಯಿಂದ ಬಸ್ಸೇನೋ ಪುಕ್ಕಟೆ, ಆದರೆ ಒಂದು ದಿನದ ಕೂಲಿ ಪುಕ್ಕಟೆ ಅಲ್ವಲ್ಲ. 2021ರಿಂದ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಅಂಚೆಯಣ್ಣನೇ ಮನೆ ಬಾಗಿಲಲ್ಲಿ ಈ ಕೆಲಸ ಮಾಡಿಕೊಡುವ ವ್ಯವಸ್ಥೆ ಇದೆ. ಊರಿನ ಎಲ್ಲರಿಗೂ ಅಂಚೆಯಣ್ಣ ಗೊತ್ತು, ಈ ವಿಷಯ ಮಾತ್ರ ಗೊತ್ತಿಲ್ಲ. ಒಕ್ಕೂಟದ ತಿಂಗಳ ಸಭೆಗೆ ಅವರನ್ನು ಯಂತ್ರದ ಜೊತೆ ಕಳಿಸಿಕೊಡಿ ಅಂತ ನೀವು ಅಂಚೆ ಅಧಿಕಾರಿಗಳಿಗೆ ಒಂದು ಪತ್ರ ಬರೆದರೆ ಸಾಕು. ಅದೇ ದಿನ ಬ್ಯಾಂಕಿನವರೂ ಬರಲಿ. ಒಂದೇ ಕೂರಿಕೆಯಲ್ಲಿ ಆಧಾರ್‌ಗೂ ಖಾತೆಗೂ ನಂಬರ್ ಬದಲಾಗಲಿ. ಎರಡು ಬೇರೆ ಬೇರೆ ದಿನ ಇಟ್ಟರೆ ಎರಡನೆಯ ದಿನಕ್ಕೆ ಅರ್ಧ ಜನ ಬರುವುದಿಲ್ಲ, ಬರೆದಿಟ್ಟುಕೊಳ್ಳಿ.

ಇದರಲ್ಲಿ ಒಂದು ತೊಡಕು ಇದೆ, ನಮ್ಮ ಕಡೆಯದೇ. ಕಾಫಿ ಕೊಯ್ದು, ಪಾತ್ರೆ ತಿಕ್ಕಿ, ಸೌದೆ ಹೊತ್ತು ಬೆರಳ ತುದಿ ಸವೆದಿರುತ್ತದೆ. ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒದ್ದೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಹೆಬ್ಬೆರಳು ಬಿಟ್ಟು ಉಂಗುರದ ಬೆರಳಿಟ್ಟು ನೋಡುತ್ತಾರೆ. ಬರುವವರು ಕಣ್ಣು, ಮುಖ ನೋಡಿ ಗುರುತಿಸುವ ಸಾಧನವನ್ನೂ ತರಲಿ. ಬೆರಳು ಬರಲಿಲ್ಲ ಅಂತ ಮನೆಗೆ ಕಳಿಸಿದರೆ ಅವಳು ಮತ್ತೆ ಬರುವುದಿಲ್ಲ. ನಾಲ್ಕು ಜನರ ಮುಂದೆ ನಾಚಿಕೆ ಆಗುತ್ತದೆ, ಅಲ್ವಾ?

ಇನ್ನು ಸಿಮ್. ಹೊಸ ಸಿಮ್ ತಗೊಂಡರೆ ತಿಂಗಳ ರೀಚಾರ್ಜ್ ಯಾರು ಹಾಕಬೇಕು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಾಕದೆ ಬಿಟ್ಟರೆ ಕೆಲವು ತಿಂಗಳಲ್ಲಿ ನಂಬರ್ ಹೋಗುತ್ತದೆ, ಹೋದ ನಂಬರ್ ಬೇರೆಯವರ ಪಾಲಾಗುತ್ತದೆ. ಆಮೇಲೆ ಅವಳ ಒಟಿಪಿ ಯಾವ ಊರಿನ ಯಾರಿಗೆ ಹೋಗುತ್ತದೋ ದೇವರೇ ಬಲ್ಲ. ಒಕ್ಕೂಟದ ನಿಧಿಯಿಂದ ಮೊದಲ ಒಂದು ವರ್ಷ ಕನಿಷ್ಠ ರೀಚಾರ್ಜನ್ನು ವ್ಯಾಪಾರದ ಖರ್ಚು ಅಂತ ಬರೆಯಲು ಅನುಮತಿ ಕೊಡಿ. ಬಾಟಲಿ, ಲೇಬಲ್‌ಗೆ ಖರ್ಚು ಬರೆಯುತ್ತೇವೆ, ಇದನ್ನೂ ಬರೆಯುತ್ತೇವೆ. ಲೆಕ್ಕ ನಾನು ಕೊಡುತ್ತೇನೆ.

ಕಾಗದಪತ್ರದ ಕಥೆ ಬೇರೆ. ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕ ಇಲ್ಲ. ಆದರೂ ಅದೇ ಥರ ಕಾಣುವ ಖಾಸಗಿ ವೆಬ್‌ಸೈಟಿಗೆ ಹೋಗಿ ದುಡ್ಡು ಕಟ್ಟಿ ಬಂದವರು ಇದ್ದಾರೆ. ಆಹಾರ ಸುರಕ್ಷತೆಯ ನೋಂದಣಿಗೆ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ. ಮಧ್ಯದಲ್ಲಿ ಕೂತವರು ಅದಕ್ಕೆ ಎಷ್ಟು ಕೇಳುತ್ತಾರೆ ಅಂತ ಇಲ್ಲಿ ಬರೆದರೆ ನಾಳೆ ನನಗೇ ಕಷ್ಟ. ಅರ್ಜಿ ಇಂಗ್ಲಿಷಿನಲ್ಲಿರುವ ತನಕ ಮಧ್ಯದವರು ಇದ್ದೇ ಇರುತ್ತಾರೆ.

ಎಲ್ಲದಕ್ಕಿಂತ ಜಾಸ್ತಿ ಹೆದರಿಸಿರುವುದು ಜಿಎಸ್‌ಟಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು, ಬೆಂಗಳೂರಿನಲ್ಲಿ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದು ಟಿವಿಯಲ್ಲಿ ಎಲ್ಲರೂ ನೋಡಿದರು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿಗಳು ಆಮೇಲೆ ಹೇಳಿದರು. ನೋಟಿಸಿನ ಸುದ್ದಿ ನಮ್ಮ ಹಳ್ಳಿಗೆ ಅರ್ಧ ದಿನದಲ್ಲಿ ಬಂತು, ಸಮಾಧಾನದ ಸುದ್ದಿ ಇನ್ನೂ ದಾರಿಯಲ್ಲಿದೆ. ನಾನು ಸಭೆಯಲ್ಲಿ ಲೆಕ್ಕ ಹಾಕಿ ತೋರಿಸಬೇಕಾಯಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವ್ಯಾಪಾರ. ಅಂದರೆ ಒಂದು ದಿನವೂ ಬಿಡದೆ ದಿನಕ್ಕೆ ಹತ್ತಿರ ಹತ್ತಿರ 11,000 ರೂಪಾಯಿ ವ್ಯಾಪಾರ ಆಗಬೇಕು. ಅದನ್ನು ಕೇಳಿ ಎಲ್ಲರೂ ನಕ್ಕರು. ಒಬ್ಬರಂತೂ ‘ಅಷ್ಟು ಆದರೆ ತೆರಿಗೆ ಕಟ್ಟಿ ಫೋಟೋ ತೆಗೆಸಿಕೊಳ್ತೀನಿ ಮಾರಾಯ್ತಿ’ ಅಂದರು.

ಆದರೆ ನಗುವ ಹಾಗಿಲ್ಲದ ಒಂದು ನಿಯಮ ಅದರೊಳಗೇ ಇದೆ. ನಮ್ಮ ಗಿರಾಕಿಗಳು ಪ್ರವಾಸಿಗರು. ಮುಳ್ಳಯ್ಯನಗಿರಿ ನೋಡಲು ಕೇರಳದಿಂದ, ತಮಿಳುನಾಡಿನಿಂದ ಬರುತ್ತಾರೆ. ಊರಿಗೆ ಹೋದ ಮೇಲೆ ಉಪ್ಪಿನಕಾಯಿ ಕಳಿಸಿ ಅನ್ನುತ್ತಾರೆ. ಬೆಂಗಳೂರಿಗೆ ಕಳಿಸಿದರೆ ಆ 40 ಲಕ್ಷದ ಮಿತಿಯೊಳಗೆ ಜಿಎಸ್‌ಟಿ ನೋಂದಣಿ ಬೇಡ. 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಮಾರಾಟ ತಾಣಗಳ ಮೂಲಕವೂ ರಾಜ್ಯದೊಳಗೆ ಹಾಗೆ ಮಾರಬಹುದು. ಆದರೆ ತೆರಿಗೆ ಇರುವ ಸರಕು ರಾಜ್ಯದ ಗಡಿ ದಾಟಿದರೆ ಒಂದೇ ಒಂದು ಬಾಟಲಿ ಇದ್ದರೂ ನೋಂದಣಿ ಬೇಕು. ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ, ಉಪ್ಪಿನಕಾಯಿಗೆ ಇಲ್ಲ. ಹಪ್ಪಳಕ್ಕಂತೂ ತೆರಿಗೆಯೇ ಇಲ್ಲ. ಅಂದರೆ ಅದೇ ಅಕ್ಕ ಅದೇ ಅಡುಗೆಮನೆಯಿಂದ ಕೊಚ್ಚಿಗೆ ಹಲಸಿನ ಹಪ್ಪಳ ಕಳಿಸಬಹುದು, ಅದೇ ಡಬ್ಬಿಯಲ್ಲಿ ಮಿಡಿ ಇಟ್ಟರೆ ಕಾನೂನು ಬೇರೆ. ಇದನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಕರಕುಶಲಕ್ಕೆ ಕೊಟ್ಟ ವಿನಾಯಿತಿಯನ್ನು ಸಂಘದ ಹೆಣ್ಣುಮಕ್ಕಳು ಮಾಡುವ ಆಹಾರಕ್ಕೂ ಕೊಡಿ ಅಂತ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಎಸ್‌ಟಿ ಮಂಡಳಿಗೆ ಒಂದು ಕಾಗದ ಹೋಗಬಹುದಲ್ಲ. ಅಲ್ಲಿಯ ತನಕ ಇದನ್ನೆಲ್ಲ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸಿ.

ಈ ಅರ್ಜಿ, ಒಟಿಪಿ, ಲೇಬಲ್ ಎಲ್ಲ ನೋಡಿಕೊಳ್ಳಲು ಒಬ್ಬರು ಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಅನ್ನುವ ಗ್ರಂಥಾಲಯ ಇದೆ, ಕಂಪ್ಯೂಟರ್ ಇದೆ, ಕುರ್ಚಿ ಇದೆ. ವಾರಕ್ಕೆ ಒಂದು ದಿನ ಅಲ್ಲಿ ಸಂಘದ ಒಬ್ಬ ಓದಿದ ಹುಡುಗಿಯನ್ನು ಗೌರವಧನ ಕೊಟ್ಟು ಕೂರಿಸಿ. ಡಿಗ್ರಿ ಮುಗಿಸಿ ಮನೆಯಲ್ಲೇ ಕೂತ ಸೊಸೆಯಂದಿರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. 1998ರಲ್ಲಿ ಶುರುವಾದ ಕೇರಳದ ಮಹಿಳಾ ಸಂಘಗಳ ಯೋಜನೆ ಕುಟುಂಬಶ್ರೀಯಲ್ಲಿ ಹೆಣ್ಣುಮಕ್ಕಳ ಘಟಕಗಳಿಗೆ ಸರ್ಕಾರಿ ಕಚೇರಿಗಳ ಡಾಟಾ ಎಂಟ್ರಿ ಕೆಲಸವನ್ನೇ ಕೊಟ್ಟರು. ಸರ್ಕಾರವೇ ಗಿರಾಕಿ ಆಯಿತು. ಇಲ್ಲಿಯೂ ಹಾಗೆ ಮಾಡಲು ಏನಡ್ಡಿ? ಪುಕ್ಕಟೆ ಸೇವೆ ಅಂತ ಮಾತ್ರ ಮಾಡಿಸಬೇಡಿ. ಹೆಣ್ಣುಮಕ್ಕಳ ಕೆಲಸ ಅಂದ ಕೂಡಲೇ ‘ಸ್ವಯಂಸೇವಕಿ’ ಅನ್ನುವ ಅಭ್ಯಾಸ ನಿಲ್ಲಬೇಕು.

ನಾವು ಬರೆಯುವ ಲೆಕ್ಕದ ಬಗ್ಗೆ ಒಂದು ಮಾತು. ಸಂಘದ ಪ್ರತಿ ಉಳಿತಾಯ, ಪ್ರತಿ ಕಂತನ್ನು ಒಮ್ಮೆ ಪುಸ್ತಕಕ್ಕೆ, ಇನ್ನೊಮ್ಮೆ ಮೊಬೈಲಿಗೆ ಹಾಕುತ್ತೇವೆ. ಹಾಕಿದ್ದೆಲ್ಲ ಮೇಲಕ್ಕೆ ಹೋಗುತ್ತದೆ. ಕೆಳಗೆ ಏನೂ ಬರುವುದಿಲ್ಲ. ಒಬ್ಬ ಸದಸ್ಯೆ ವರ್ಷಗಟ್ಟಲೆ ಒಂದು ಕಂತೂ ತಪ್ಪಿಸಿಲ್ಲ ಅನ್ನುವುದು ಆ ಕಂಪ್ಯೂಟರಿಗೆ ಗೊತ್ತು, ಅವಳ ಕೈಯಲ್ಲಿ ಅದರ ಒಂದು ಚೀಟಿ ಇಲ್ಲ. ಅವಳ ಹೆಸರಿನಲ್ಲಿ ಒಂದು ಪುಟ ಪ್ರಿಂಟ್ ತೆಗೆದು, ಸಹಿ ಹಾಕಿ, ಬ್ಯಾಂಕಿಗೆ ತೋರಿಸಲು ಕೊಡುವ ಹಾಗೆ ಮಾಡಿ. ಹೊಸದಾಗಿ ಏನೂ ಕಟ್ಟಬೇಕಿಲ್ಲ, ಇರುವ ಮಾಹಿತಿಯೇ.

ಪಾರ್ಸೆಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗಾಜಿನ ಬಾಟಲಿ ಒಡೆದು, ಎಣ್ಣೆ ಸೋರಿ, ಬೇರೆಯವರ ಸೀರೆ ಪಾರ್ಸೆಲಿಗೂ ಉಪ್ಪಿನಕಾಯಿ ಹತ್ತಿದ ಮೇಲೆ ಯಾರು ಎರಡನೇ ಸಲ ಕಳಿಸುತ್ತಾರೆ? ತಾಲ್ಲೂಕಿಗೆ ಒಂದು ಕಡೆ ಬಿಗಿಯಾಗಿ ಸೀಲ್ ಮಾಡುವ ಯಂತ್ರ, ತೂಕದ ಯಂತ್ರ, ವಾರಕ್ಕೆ ಎರಡು ದಿನ ಅಂಚೆಗೋ ಸಾರಿಗೆ ಬಸ್ಸಿನ ಪಾರ್ಸೆಲಿಗೋ ಒಟ್ಟಿಗೆ ಕಳಿಸುವ ವ್ಯವಸ್ಥೆ ಆದರೆ ವಾಟ್ಸ್ಆ್ಯಪ್ ಆರ್ಡರ್‌ಗಳು ತಾವಾಗಿಯೇ ನಡೆಯುತ್ತವೆ. ಟೈಪ್ ಮಾಡಲು ಬಾರದವರೂ ವಾಯ್ಸ್ ಮೆಸೇಜಿನಲ್ಲಿ ಆರ್ಡರ್ ತಗೊಳ್ಳುವುದನ್ನು ಕಲಿತಿದ್ದಾರೆ. ಅದನ್ನು ಯಾರೂ ತರಬೇತಿ ಕೊಟ್ಟು ಕಲಿಸಲಿಲ್ಲ.

ತರಬೇತಿ ಅಂದಾಗ ನೆನಪಾಯಿತು. ಕೊರಿಯಾದ ಇಂಚಿಯಾನ್‌ನಲ್ಲಿ ವಿಶ್ವಸಂಸ್ಥೆಯ ಒಂದು ಐಟಿ ತರಬೇತಿ ಕೇಂದ್ರ ಇದೆ, ಏಷ್ಯಾ ಮತ್ತು ಪೆಸಿಫಿಕ್ ದೇಶಗಳಿಗೆ. 2016ರಲ್ಲಿ ಅವರು ಮಹಿಳಾ ಉದ್ಯಮಿಗಳಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿದರು. ಅದರಲ್ಲಿ ಎರಡು ಪಾಠ. ಒಂದು ಉದ್ಯಮಿಗಳಿಗೆ, ಇನ್ನೊಂದು ಯೋಜನೆ ರೂಪಿಸುವ ಅಧಿಕಾರಿಗಳಿಗೆ. ಆ ಎರಡನೆಯ ಪಾಠದ ಬಗ್ಗೆ ಓದಿದಾಗ, ಕ್ಷಮಿಸಿ, ನನಗೆ ಬಹಳ ಖುಷಿಯಾಯಿತು. ನಮಗೆ ಕೊಡುವ ತರಬೇತಿಯಲ್ಲಿ ‘ಡಿಜಿಟಲ್ ಇಂಡಿಯಾ’ ಅನ್ನುವ ಭಾಷಣ ಕಡಿಮೆ ಮಾಡಿ, ದುಡ್ಡು ತಗೊಳ್ಳುವಾಗ ಪಿನ್ ಹಾಕಬಾರದು, ಒಟಿಪಿ ಕೇಳಿದವರು ಯಾರೇ ಆಗಲಿ ಹೇಳಬಾರದು, ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದನ್ನು ಅವಳದೇ ಫೋನಿನಲ್ಲಿ ಮಾಡಿಸಿ ತೋರಿಸಿ. ‘ಗೃಹಲಕ್ಷ್ಮಿ ಕಂತು ಬಂದಿದೆ, ನಂಬರ್ ಹೇಳಿ’ ಅಂತ ಕರೆ ಬಂದರೆ ಏನು ಮಾಡಬೇಕು ಅಂತ ನಾಟಕ ಆಡಿಸಿ.

ನಂಬರ್ ಜೋಡಿಸುವ ಕೆಲಸಕ್ಕೆ ಮಾರ್ಚ್‌ನಿಂದ ಮೇ ಒಳಗೆ ದಿನ ಗೊತ್ತು ಮಾಡಿ. ನವೆಂಬರ್‌ನಿಂದ ಫೆಬ್ರವರಿ ತನಕ ಎಲ್ಲರೂ ಕಾಫಿ ಕೊಯ್ಲಿನಲ್ಲಿರುತ್ತಾರೆ, ಯಾರನ್ನು ಕರೆದರೂ ಬರುವುದಿಲ್ಲ. ಬೇಸಿಗೆಯಲ್ಲಿ ಹಪ್ಪಳ, ಮಿಡಿ ಅಂತ ಮನೆಯ ಹತ್ತಿರವೇ ಸಿಗುತ್ತಾರೆ. ಜೂನ್ ದಾಟಿತು ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಯಂತ್ರ ಹೊತ್ತು ಬಂದವರು ಸುಮ್ನೆ ಕಾಫಿ ಕುಡಿದು ವಾಪಸ್ ಹೋಗಬೇಕಾಗುತ್ತದೆ. ಯಾರ ನಂಬರ್ ಎಲ್ಲಿಗೆ ಜೋಡಣೆಯಾಗಿದೆ ಅನ್ನುವ ಪಟ್ಟಿಯನ್ನು ನಮ್ಮ ಒಕ್ಕೂಟದ ಮಟ್ಟಿಗೆ ಸದಸ್ಯರ ಒಪ್ಪಿಗೆ ಪಡೆದು ನಾನು ಮಾಡಿಟ್ಟಿರುತ್ತೇನೆ. ನೀವು ದಿನ ಹೇಳಿದರೆ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ಒಕ್ಕೂಟದ ಲೆಕ್ಕ ಬರೆಯುವವಳು
ಮೂಡಿಗೆರೆ ತಾಲ್ಲೂಕು